ಸುಳಿ ನೋಡಿ ತಂದ ಆಕಳ

…ಹಂಗಲ್ಲೋ, ಆಕಳ ತಂದಿದ್ದು ತಪ್ಪಲ್ಲ, ತಂದಾವ್ರು ನಮ್ಮ ಮಾವನವರು, ಅದ ತಪ್ಪು. ರಾಯಾಪುರದಾಗ ಅವರಷ್ಟು ದನದ ಪರೀಕ್ಷಾ ಬಲ್ಲವರು ಯಾರೂ ಇದ್ದಿದ್ದಿಲ್ಲಂತ. ಯಾರು ಹೇಳ್ತಿದ್ರು? ಅವರೇ ಹೇಳ್ತಿದ್ರು. ಯುದ್ಧದ ಕಾಲ ಅದು, ಸಕ್ಕರಿಗೆ ಪಾಳಿ, ಸೀಮಿಎಣ್ಣಿಗೆ ಪಾಳಿ, ಮನ್ಯಾಗ ಸಣ್ಣ ಕೂಸು, ಅಂದ್ರ ನಿಮ್ಮಪ್ಪ, ಅವಗ ಹಾಲೊಂದ ಆಧಾರ. ಮಾವನವರು ಹುಬ್ಬಳ್ಳಿ ಸಂತಿಗೆ ಹೋಗಿ ಆಕಳದ ಕೋಡು ನೋಡಿದ್ರು, ಮೈಮ್ಯಾಲಿನ ಕೂದಲದ ಸುಳಿ ನೋಡಿದ್ರು, ಬಾಲದ ಕೂದಲಾ ಸೈತ ನೋಡಿದ್ರು. ಕಾಲು? ಕಾಲ್ಯಾಕ ನೋಡಬೇಕು, ಹಾಲು ಕಾಲಾಗಿಂದ ಬರ್ತದೇನು? ಮಾರಾಂವ ಶ್ಯಾಣ್ಯಾ, ಅದನ್ನ ಕೆಸರಾಗ ನಿಲ್ಲಿಸಿದ್ದ.

ಮನಿಗೆ ಬಂದ ಕೂಡ್ಲೆ ನಮ್ಮ ಅತ್ತಿಯವರು ನೋಡಿದ್ರು, ಕುಂಟಾಕತ್ತದ, ಬಾಯಾಗ ಜೊಲ್ಲು. ಕಾಲುಬಾಯಿ ಬ್ಯಾನಿ ಇದ್ದಂಗ ಕಾಣಸ್ತದ, ಹಿತ್ತಲದಾಗ ಬ್ಯಾರೆ ಕಟ್ರಿ, ನೀರೂ ಬ್ಯಾರೆ ಇಡ್ರಿ, ಒಂದೀಟು ದಿನ ನೋಡೂಣು ಅಂದ್ರು. ಮಾವನವರು, ‘ಲಕ್ಷ್ಮೀನ್ನ ಹಿತ್ತಲದಾಗ ಕಟ್ಟತಾರೇನು?’ ಅಂತ ಆರತಿ ಮಾಡಿಸಿ, ಎಲ್ಲಾ ದನದ ನಡುವ ಕಟ್ಟಿದ್ರು. ಲಕ್ಷ್ಮೀ ಲಗೂನ ಎಲ್ಲಾರಿಗೂ ಪ್ರಸಾದ ಹಂಚಿದ್ಲು ನೋಡ್ರಿ. ಎತ್ತು, ಎಮ್ಮಿ ಎಲ್ಲಾ ಕಾಲು ಎತ್ತಿ ಎತ್ತಿ ಇಡಾಕತ್ವು, ಗೊರಸಿನ ಸಂದ್ಯಾಗ ಹುಣ್ಣು, ಮೇವು ಮುಟ್ಟಲಿಲ್ಲ. ಎಳೀ ಕರಾ ಸತ್ತಹೋತು. ಹಾಲು ನಿಂತು, ನಿಮ್ಮಪ್ಪಗ ಜ್ವಾಳದ ಗಂಜಿ ಕುಡಿಸಿದ್ವಿ, ಅಂವ ಉಗಳಿದ.

ಆವಾಗ ಮಾವನವರು ಇನ್ನೊಂದು ಶ್ಯಾಣ್ಯಾತನ ತಗದ್ರು. ಊರಾಗ ಯಾರಿಗೂ ಹೇಳಬ್ಯಾಡ್ರಿ, ಮುಂದಿನ ಸಂತ್ಯಾಗ ಈ ಆಕಳ ಯಾರಿಗರೆ ದಾಟಿಸಿಬಿಡ್ತೇನಿ ಅಂತ, ಸಂತಿ ದಿನ ಹಗ್ಗ ಹಿಡದು ಹೊಂಟ್ರು. ನಮ್ಮ ಅತ್ತಿಯವರು, ಮಾವನವರ ಮುಂದ ಎಂದೂ ದನಿ ಎತ್ತಿದವರಲ್ಲ, ಬಾಗಲದಾಗ ಹೋಗಿ ಕುಂತಬಿಟ್ರು.

‘ಆ ಮನ್ಯಾಗೂ ಕೂಸಿರ್ತಾವ್ರಿ. ಹೋಗೂದಿದ್ರ ನನ್ನ ದಾಟಿ ಹೋಗ್ರಿ.’

ಮಾವನವರು ಒಂದ್ಸಲ ಆಕಳ ನೋಡಿದ್ರು, ಒಂದ್ಸಲ ಅತ್ತಿಯವರನ್ನ ನೋಡಿದ್ರು, ಹಗ್ಗ ಬಿಟ್ರು. ಅತ್ತಿಯವರು ಅಲ್ಲಿಂದ ಎದ್ದು, ಸೆರಗು ಹೊದ್ದು, ಸೀದಾ ಕೆರಿಗೆ ಹೋದ್ರು. ನೀರಿಗೆ ಬಂದ ಹೆಂಗಸರಿಗೆಲ್ಲಾ, ‘ನಮ್ಮ ಮನ್ಯಾಗ ಕಾಲುಬಾಯಿ ಹೊಕ್ಕದ್ರಿ, ನಿಮ್ಮ ದನಾ ನಮ್ಮ ಓಣಿಗೆ ಬಿಡಬ್ಯಾಡ್ರಿ’ ಅಂದ್ರು. ನಮ್ಮ ದನಕ್ಕ ನೀರು ಮನಿಗೇ ಹೊತ್ತಿದ್ವಿ, ನಾನೂ ಹೊತ್ತೇನಿ, ನಡಾ ಹೋತು. ಊರ ಮಂದಿ ನಕ್ಕಿದ್ದು ಖರೇ. ಮಾವನವರು ಎಷ್ಟೋ ದಿನ ಊರ ಕಟ್ಟಿಮ್ಯಾಲೆ ಕೂಡಾಕ ಹೋಗಲಿಲ್ಲ, ಅವರಿಗೂ ಕಾಲುಬ್ಯಾನಿ ಹತ್ತಿತೇನೋ ಅನ್ನೂ ಹಂಗ. ಆದ್ರ ಬ್ಯಾರೆ ಯಾರ ಮನಿ ದನಕ್ಕೂ ಬ್ಯಾನಿ ಹತ್ತಲಿಲ್ಲ. ಹಂಗ ನಕ್ಕ ಮಂದಿನೇ ಆಮ್ಯಾಲೆ ದಿನಾ ಮುಂಜಾನೆ ನಿಮ್ಮಪ್ಪಗ ತಂಬಗಿ ಹಾಲು ಕಳಸಿದ್ರು.

ಹೇಳಿದ್ರ ಮರ್ಯಾದಿ ಹೋಗ್ತದ, ಮುಚ್ಚಿಟ್ರ ಊರ ದನಾ ಹೋಗ್ತಾವ. ಮರ್ಯಾದಿ ತಿರುಗಿ ಬರ್ತದ್ರೋ. ಉಂಡಾತಲ್ಲ, ಏಳ್ರಿ, ಕೈ ತೊಳಕೋರಿ.