ಮಣ್ಣಿನ ದುಡ್ಡಿಗೆ ಬಾಂಡು

…ನಗಬೇಡ ಅಪಾ. ಹೆತ್ತ ತಾಯಿ ಅಂತ ನಿನ್ನ ಮುಂದೆ ಬಾಯಿಬಿಟ್ರೆ ನೀನು ನಗೋದಾ? ಸರಿ, ಇನ್ನೊಂದ್ಸಲ ಹೇಳ್ತೀನಿ, ಚಹಾ ಆರೋದ್ರೊಳಗೆ ಕೇಳು. ಬಾಂಡು ಅಂದ್ರೆ ಸರ್ಕಾರಕ್ಕೆ ನಾವು ಸಾಲ ಕೊಡೋದು. ಹೂಂ, ನಾವೇ, ಸರ್ಕಾರಕ್ಕೇ. ಅದರಲ್ಲೂ ಒಂದು ಥರದ್ದಿದೆ, ಪೇಟೇಲಿ ಬೆಲೆ ಏರಿದ ಹಾಗೆಲ್ಲ ನಮ್ಮ ಅಸಲೂ ಏರುತ್ತೆ. ನಿನ್ನ ಮಣ್ಣಿನ ದುಡ್ಡಿಗೆ ಅದೇ ಸರಿ.

ಮತ್ತೆ ಕುದುರೆ ಅಂತೀಯಲ್ಲ… 'ನಾನು ಸತ್ತ ದಿನ ಕುದುರೆ ಕೊಯ್ದು ಊರಿಗೆ ಊಟ ಹಾಕಿ, ಬಂದೋರಿಗೆಲ್ಲ ಬಟ್ಟೆ ತುಂಡು ಹಂಚಿ, ಮಕ್ಕಳಿಗೆ ಭಾರ ಆಗಬಾರ್ದು' ಅಂತ ನೀನು ಕೂಡಿಟ್ಟೆ, ನಿಜ. ಇಲ್ಲಿನ ಡಾಕ್ಟರಿಗೆ ಮಂಡಿ ತೋರಿಸೋಕೆ ಅಂತ ನನ್ನ ಹತ್ರ ಬಂದೋಳು ಆ ದುಡ್ಡು ಹೊಲಿದಿಟ್ಟ ದಿಂಬನ್ನೂ ಹೊತ್ಕೊಂಡು ಬಂದೆ. ಹೋದ ವರ್ಷ ಅದರಲ್ಲಿ ಇಡೀ ಕುದುರೆ ಬರ್ತಿತ್ತು. ಈಗ ಹಿಂಗಾಲು ಎರಡು ಬಿಟ್ಟು ಮಿಕ್ಕಿದ್ದು ಬರುತ್ತೆ. ಏನು, ಈಗ್ಲೇ ಒಂದು ಕೊಂಡು ನಮ್ಮೂರು ನಾರಿನ್‌ನಲ್ಲಿ ಅಣ್ಣನ ಮಂದೆಗೆ ಬಿಡ್ಲಾ? ಯಾರದೋ ಮದುವೆಗೆ ಅದನ್ನ ಕೊಯ್ದು, ತೋಳ ತಿಂತು ಅಂತಾನೆ. ಕಣ್ಣು ಬಿಡಬೇಡ, ನಿನ್ನ ಮುದ್ದಿನ ಮಗ ಎಂಥೋನು ಅಂತ ನಿನಗೇ ಗೊತ್ತು.

ನಾನೇನು ಸುಮ್ನೆ ಕೂತಿಲ್ಲ. ನಾನು ದುಡಿಯೋಕೆ ಬಂದ ಈ ಅಲ್ಮಾಟಿಯಲ್ಲಿ ಒಂದು ಬ್ಯಾಂಕೂ ಬಿಟ್ಟಿಲ್ಲ. ಒಬ್ಬ, ಅವೆಲ್ಲ ದೊಡ್ಡ ದೊಡ್ಡ ಪಿಂಚಣಿ ನಿಧಿಗಳಿಗೆ, ನಿಮಗಲ್ಲ ಅಂದ. ಇನ್ನೊಬ್ಬಳು ಪಾಸ್‌ಪೋರ್ಟ್ ತಿರುವಿ ಹಾಕಿ, ನೀವು ಕಿರ್ಗಿಜ್, ಈ ದೇಶದವರಲ್ವಲ್ಲ ಅಂದಳು. ನಿನ್ನಂಥೋರ ಕೋಟು ಹೊಲಿದು ಹೊಲಿದೇ ನನ್ನ ಕಣ್ಣು ಹೋಯ್ತು ತಾಯಿ ಅಂದೆ. ಅವಳಿಗೇನಾಗ್ಬೇಕು? ನಮ್ಮ ದೇಶದ ಬ್ಯಾಂಕಿಗೇ ಕೇಳೋಣ ಅಂತ ಬಿಷ್ಕೆಕ್‌ಗೆ ಫೋನ್ ಮಾಡಿದ್ರೆ, ಹೊರದೇಶದಲ್ಲಿದೀರಲ್ಲ, ಖುದ್ದಾಗಿ ಬನ್ನಿ ಅಂದರು. ಅಲ್ಲಿಗೆ ನಾನು ಇಬ್ಬರಿಗೂ ಹೊರಗಿನೋಳು. ಎಷ್ಟು ಸಂಕಟ ಆಯ್ತು ಗೊತ್ತಾ, ಬಸ್ಸಲ್ಲೇ ಅತ್ತುಬಿಟ್ಟೆ.

ಕೊನೆಗೆ ಒಬ್ಬ ದಲ್ಲಾಳಿ ಸಿಕ್ಕಿದ. ಬೇರೆ ಬೇರೆ ದೇಶದ ಬಾಂಡು ನಮ್ಮಂಥೋರಿಗೂ ಕೊಡಿಸ್ತಾನಂತೆ. ಬೆಲೆ ಎಷ್ಟು ಏರಿತು ಅಂತ ಅವರು ಹಾಕೋ ಲೆಕ್ಕದಲ್ಲಿ ಕುದುರೆ ಬೆಲೆನೂ ಬರುತ್ತಾ ಅಂತ ನಿನಗೋಸ್ಕರ ಅದನ್ನೂ ಕೇಳಿದೆ. ರೊಟ್ಟಿ, ಮನೆ ಬಾಡಿಗೆ, ಬಸ್ ಟಿಕೆಟ್ಟು ಬರುತ್ತೆ, ಕುದುರೆ ಗೊತ್ತಿಲ್ಲಮ್ಮ ಅಂದ. ಹತ್ತು ವರ್ಷದ್ದು ತಗೊಳ್ಳಿ ಅಂದ. ಬೇಡ ಅಂದೆ. ಹಾಗಾದ್ರೆ ಐದು ವರ್ಷದ್ದು ಅಂದ. ಅಷ್ಟುದ್ದ ನಮಗ್ಯಾಕಪ್ಪ, ಮುಂದಿನ ಬೇಸಿಗೆಯೊಳಗೆ ಕೈಗೆ ಬರೋ ಅಂಥದ್ದು ಹುಡುಕು ಅಂದೆ. ಅಂಥದ್ದೊಂದು ಇದೆಯಂತೆ, ಅದನ್ನೇ…

ಯಾಕೆ, ಬಟ್ಟಲು ಯಾಕೆ ಕೆಳಗಿಟ್ಟೆ?

ಅದು… ಕಾಲ ಸರಿ ಇಲ್ವಲ್ಲ, ತುಂಬ ವರ್ಷ ಕಟ್ಟಿಹಾಕಬಾರ್ದು ಅಂತ. ದಲ್ಲಾಳೀನೇ ಹೇಳಿದ್ದು. ಇಲ್ಲ… ಅವನು ಹೇಳ್ಲಿಲ್ಲ. ನಾನೇ. ಹಂಗೆ ನೋಡಬೇಡ ಅಪಾ. ಮಂಡಿ ಸವೆದಿದೆ ಅಂತ ತಾನೇ ಡಾಕ್ಟರು… ಅಷ್ಟೇ ಅಂದಿದ್ದು. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ನನ್ನೊಬ್ಬಳನ್ನೇ ಒಳಗೆ ಕರೆದು ಅಷ್ಟೇ ಅಂದಿದ್ದು.

ನನ್ನ ತಲೆ ಯಾಕೆ ಸವರ್ತೀಯ? ಬೈಯಿ ಬೇಕಾದ್ರೆ.

ಏನಂದೆ, ನಿನಗೆ ಆವತ್ತೇ ಗೊತ್ತಾಗಿತ್ತಾ? ಗೊತ್ತಿದ್ದೂ ಇಷ್ಟು ಹೊತ್ತು ನನ್ನ ಮುಂದೆ ನಗ್ತಾ ಕೂತಿದ್ಯಾ…

ನಾಳೆ ದಲ್ಲಾಳಿ ಹತ್ರ ಹೋಗ್ಬೇಕು ಅಪಾ. ಹತ್ತು ವರ್ಷದ್ದೇ ತಗೊಂಡು ಬಾ ಅನ್ನು. ಸುಳ್ಳಿಗಾದ್ರೂ ಅನ್ನು.