ಯೆವ್ಸೇಯನ ಚಮಚದೇಟು

ಬೆಳಗಿನಿಂದ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಚಳಿಗಾಲಕ್ಕೆ ಉಪ್ಪು ಹಾಕಿಡುವ ಎಲೆಕೋಸು ಹೆಚ್ಚಲು ಓಣಿಯ ಹೆಂಗಸರೆಲ್ಲ ಫೆದೋಸ್ಯಜ್ಜಿಯ ಮನೆಯಲ್ಲಿ ಸೇರಿದ್ದರು. ಮೊಮ್ಮಗಳು ಮೆಲಾನ್ಯಳ ಚೂರಿ ಮಾತ್ರ ಓಡುತ್ತಿರಲಿಲ್ಲ. ದೋಣಿ ಕಟ್ಟುವ ಲುಕ್ಯಾನನನ್ನೇ ಮದುವೆಯಾಗುತ್ತೇನೆಂದು ಅವಳ ಹಟ. ಇವತ್ತು ಊಟದ ಹೊತ್ತಿಗೆ ತನ್ನ ಮಾತು ಹೇಳುತ್ತೇನೆಂದಿದ್ದ ಅಪ್ಪ ತ್ರಿಫೋನ, ಒಲೆಯ ಪಕ್ಕ ಕೂತು ಕುದುರೆಯ ಲಗಾಮು ಹೊಲಿಯುತ್ತಿದ್ದ. ಆ ಮಾತು ಏನೆಂದು ಅವನ ಗಂಟಿಕ್ಕಿದ ಹುಬ್ಬು ನೋಡಿದರೇ ಅವಳಿಗೆ ಗೊತ್ತಾಗುತ್ತಿತ್ತು.

ಅಜ್ಜಿ ಮಗನತ್ತ ಒಮ್ಮೆ ನೋಡಿ ಶುರುಮಾಡಿದಳು.

“ನಮ್ಮಪ್ಪ ಯೆವ್ಸೇಯ ಅಂದ್ರೆ ಏನಂದ್ಕೊಂಡಿದೀರಿ? ಅವನು ಮೊದಲ ತುತ್ತು ತಗೊಳ್ಳೋಕೆ ಮುಂಚೆ ಯಾರಾದ್ರೂ ಎಲ್ಲರೂ ಒಟ್ಟಿಗೆ ಉಣ್ಣೋ ಸಾರಿನ ಬೋಗುಣಿಗೆ ಚಮಚ ಅದ್ದಿದ್ರೋ, ಅವನ ಮರದ ಚಮಚ ಟಕ್ ಅಂತ ಅವರ ಹಣೆ ಮೇಲೆ... ಸೊಸೆ ಅಂತಿಲ್ಲ, ಗಡ್ಡ ಬಂದ ಮಗ ಅಂತಿಲ್ಲ. ಕುಂಬಾರ ಜಖಾರನ್ನ ಮದುವೆ ಆಗ್ತೀನಿ ಅಂದೆ. ‘ಆಗಲ್ಲ’ ಅಂದ, ಮುಗೀತು. ಆಮೇಲೆ ಪಾರ್ಶ್ವವಾಯು ಹೊಡೆದು ಮಾತು ಬಿದ್ದೋಯ್ತು. ಸಾಯೋ ದಿನ ನನ್ನ ಕೈ ಹಿಡ್ಕೊಂಡು ಏನೋ ಹೇಳೋಕೆ ಒದ್ದಾಡಿದ, ಆಗಲಿಲ್ಲ...

“ಅಣ್ಣ ನಿಕಾಂದ್ರ ಯಜಮಾನ ಆದ. ದೇವರ ಪಟಗಳ ಕೆಳಗೆ, ಅಪ್ಪನ ಜಾಗದಲ್ಲಿ ಕೂತ. ಗಿರಣಿಯವನ ಕಡೆಯವರು ನನ್ನ ಕೇಳೋಕೆ ಬಂದ್ರು. ಇಬ್ಬರು ಹೆಂಡ್ತೀರನ್ನ ಮಣ್ಣು ಮಾಡಿದವನು, ಮೂರನೇದು ನಾನು. ಊಟಕ್ಕೆ ಕೂತು, ಮೊದಲ ತುತ್ತು ತಗೊಂಡು, ‘ಅಪ್ಪನ ಮಾತೇ ನನ್ನ ಮಾತು, ಇವಳು ಕುಂಬಾರನಿಗಿಲ್ಲ’ ಅಂತ ಅಣ್ಣ ಬಾಯಿ ತೆರೆದ ನೋಡಿ... ಟಕ್. ಹಣೆ ಮೇಲೆ. ಚಮಚ ಇಲ್ಲ, ಕೈ ಇಲ್ಲ, ಏಟು ಮಾತ್ರ.

“ಪೆದ್ದ ಏನಂದ್ಕೊಂಡ ಹೇಳಿ? ಅಪ್ಪನಿಗಿಂತ ಮುಂಚೆ ಉಂಡುಬಿಟ್ಟೆ ಅಂತ. ಅಪ್ಪನ ಚಮಚ ಹುಡುಕಿ ತಂದು, ಸಾರು ತುಂಬಿ ಮುಂದಿಟ್ಟು, ನೆಲ ಮುಟ್ಟೋ ಹಾಗೆ ಬಗ್ಗಿ, ‘ಗಿರಣಿಯವನಿಗೇ ಕೊಡ್ತೀನಿ’ ಅಂದ. ಟಕ್. ಬಂದವರೆಲ್ಲ ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂಡ್ರು. ಆಗ ನನಗೆ ಹೊಳೀತು, ಸಾಯೋವಾಗ ಅಪ್ಪ ಏನು ಹೇಳೋಕೆ ಹೋಗಿದ್ದ ಅಂತ. ‘ಅಣ್ಣಾ, ಅವನು ಊಟಕ್ಕೆ ಹೊಡೀತಿಲ್ಲ ಕಣೋ, ಜಖಾರನ ಹೆಸರು ಹೇಳಿ ನೋಡು’ ಅಂದೆ. ಎರಡೂ ಕೈಯಲ್ಲಿ ಹಣೆ ಮುಚ್ಕೊಂಡು ‘ಜಖಾರನಿಗೇ...’ ಅಂದ. ಏಟು ಬೀಳಲಿಲ್ಲ. ನನ್ನ ತಲೆ ಮೇಲೆ ಒಂದು ಅಂಗೈ ಬಂದು ಕೂತ್ಕೊಂತು. ತಣ್ಣಗಿತ್ತು... ಆದ್ರೆ ನಮ್ಮಪ್ಪಂದೇ. ಬದುಕಿದ್ದಾಗ ಒಂದು ದಿನವೂ ಹಾಗೆ ಇಟ್ಟಿರಲಿಲ್ಲ. ಅತ್ತುಬಿಟ್ಟೆ.”

ಚೂರಿಗಳೆಲ್ಲ ನಿಂತಿದ್ದವು. ಮೆಲಾನ್ಯ ಅಪ್ಪನನ್ನೇ ನೋಡುತ್ತಿದ್ದಳು.

“ಅಣ್ಣನಿಗೆ ಮಕ್ಕಳಿಲ್ಲದೆ ಈ ಮನೆ ನನಗೆ ಬಂತು. ಅಪ್ಪ ಕೂರ್ತಿದ್ದ ಬೆಂಚೂ ಅದೇ. ಬೆಕ್ಕು ಮನೆಯೆಲ್ಲ ಮಲಗುತ್ತೆ, ಪಟಗಳ ಕೆಳಗೆ ಮಾತ್ರ ಹೋಗಲ್ಲ, ನೋಡಿದೀರಲ್ಲ...”

ಅಜ್ಜಿ ಬೋಗುಣಿಗೆ ಬಿಸಿ ಸಾರು ಹಾಕಿ ಮಗನ ಕಡೆ ತಿರುಗಿದಳು.

“ಬಾರೋ ತ್ರಿಫೋನ, ಊಟಕ್ಕೆ ಹೊತ್ತಾಯ್ತು. ಮೆಲಾನ್ಯಳ ವಿಷಯ ಏನೋ ಹೇಳ್ತೀನಿ ಅಂದಿದ್ಯಲ್ಲ, ಹೇಳು. ಪಟಗಳ ಮುಂದೆ ಟೊಪ್ಪಿಗೆ ಹಾಕೋದು ತಪ್ಪೇ... ಆದ್ರೂ ನೀನು ಹಾಕ್ಕೊಂಡೇ ಹೇಳು.”