ಕುಂಸಿಯಲ್ಲಿ ಟಿವಿ ನೋಡುವವರು

ಭದ್ರಾವತಿ ಬಸ್ಸಿನಲ್ಲಿ ಹಾಲಮ್ಮನ ಮುಂದಿನ ಸೀಟಲ್ಲಿ ಟಿವಿ ಟವರಿನ ಇಬ್ಬರು ಇಂಜಿನಿಯರುಗಳು ನಕ್ಷೆ ಹರವಿಕೊಂಡು ಕೂತಿದ್ದರು. ತನ್ನೂರು ಕುಂಸಿಯ ಹೆಸರು ಬಂದದ್ದೇ ಅವಳ ಕಿವಿ ನೆಟ್ಟಗಾಯಿತು.

"ಡಿಜಿಟಲ್‌ಗೆ ಬದಲಾದ್ಮೇಲೆ ಎರಡೂ ಟವರಿಗೆ ಒಂದೇ ಫ್ರೀಕ್ವೆನ್ಸಿ ಸಾರ್. ಶಿವಮೊಗ್ಗದ್ದು ಪವರ್ ಇಳಿಸದಿದ್ರೆ ಭದ್ರಾವತಿದಕ್ಕೆ ಅಡ್ಡ ಬರತ್ತೆ."

"ಇಳಿಸಿದ್ರೆ ಕುಂಸಿಗೆ ಸಿಗಲ್ವಲ್ಲ ನವೀನ್?"

"ಅಲ್ಲಿ ಈಗಲೂ ಬರೀ ಚುಕ್ಕೆನೇ ಸಾರ್."

"ಚುಕ್ಕೆ ಮಧ್ಯೆ ಮುಖನಾದ್ರೂ ಕಾಣತ್ತೆ ಮಾರಾಯ. ಡಿಜಿಟಲ್ ಬಂದ್ರೆ ಪೂರ್ತಿ, ಇಲ್ಲಾಂದ್ರೆ ಏನೂ ಇಲ್ಲ."

"ಕುಂಸಿಯಿಂದ ಇವತ್ತಿನವರೆಗೆ ಒಂದು ಕಂಪ್ಲೇಂಟೂ ಬಂದಿಲ್ಲ. ನೋಡೋರೇ ಇಲ್ಲ ಅಂತ ಲೆಕ್ಕ."

"ಹಂಗಾದ್ರೆ ಇಳಿಸು."

ದಿನಾ ಸಂಜೆ ಆಂಟೆನಾ ತಿರುಗಿಸಿ ತಿರುಗಿಸಿ ಆ ಚುಕ್ಕೆಗೇ ಕಣ್ಣು ಒಗ್ಗಿಸಿಕೊಂಡಿದ್ದ ಹಾಲಮ್ಮ ಬಾಯಿ ತೆರೆಯುವಷ್ಟರಲ್ಲಿ ಅವರು ಇಳಿದು ಹೋಗಿದ್ದರು. ಅವಳು ಕಂಡಕ್ಟರನ ಕಡೆ ಕೈ ಚಾಚಿದಳು.

"ಒಂಚೂರು ಪೆನ್ನು ಕೊಡಪ್ಪ. ಕಂಪ್ಲೇಂಟ್ ಬರೀಬೇಕು."